ಆಯಿಯ ಖೋಲಿಯಲ್ಲಿ ತೊಂಬತ್ತೆಂಟು ಗುಣಿ

ಅನಗೋಳ, ಬೆಳಗಾವಿ
15 ಜುಲೈ 2025

ಕಾಶೀಬಾಯಿ ಮಾವಶಿಗೆ ಸುಯೋಗನ ನಮಸ್ಕಾರ.

ನಿನ್ನೆ ಫೋನ್ ಮಾಡಿದ್ದೆ. ನಿಮ್ಮ ಮೊಮ್ಮಗಳು ಸಾಯಲಿ ಎತ್ತಿದಳು. "ಅಜ್ಜಿಗೆ ಫೋನಿನಾಗ ಕೇಳಸಂಗಿಲ್ಲೋ, ನೀ ಖಾನಾಪುರತನ ಚೀರಿದ್ರೂ ಅಷ್ಟ. ಕಾಗದ ಬರಿ. ಬಾಜೂಕ ಕುಂತು ಕಿವ್ಯಾಗ ಓದತೇನಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಪಿಯುಸಿ ಎರಡನೇ ವರ್ಷದ ಪರೀಕ್ಷೆಯಲ್ಲೂ ನಾನು ಇಷ್ಟು ಬರೆದಿರಲಿಲ್ಲ. ಮೊದಲ ಪೇಪರಿನಲ್ಲೇ ಎದ್ದು ಹೊರಗೆ ಬಂದವನು ನಾನು.

ನಮ್ಮ ಮಾತು ನೆನಪಿದೆ. ಅಪ್ಪನ ಎದುರಿಗೇ ಹೇಳಿದ್ದಿರಿ: "ನಿಮ್ಮ ಮನಿಯೊಳಗ ಒಂದ ಟ್ರೇ ಟಮಾಟಿ ಅಗಿ ಎಬ್ಬಿಸಿ ತೋರಸು. ತೊಂಬತ್ತೆಂಟರಾಗ ಎಪ್ಪತ್ತ ನೆಟ್ಟಗ ನಿಂತ್ರ ನನ್ನ ನರ್ಸರಿಗಿ ಕೆಲಸಕ್ಕ ಬಾ. ಇಲ್ಲಂದ್ರ ನಿಮ್ಮಪ್ಪ ಹೇಳಿದಂಗ ಕಾಲೇಜಿಗಿ ಹೋಗು." ಆಗಸ್ಟ್ ಹದಿನೈದು ಗಡುವು. ಅಪ್ಪ ತಲೆಯಾಡಿಸಿದ್ದರು. ನಾನೂ ಒಪ್ಪಿದ್ದೆ.

ಜುಲೈ ನಾಲ್ಕಕ್ಕೆ ಟ್ರೇಯ ತೊಂಬತ್ತೆಂಟು ಗುಣಿಗಳಿಗೂ ಒಂದೊಂದು ಬೀಜ ಹಾಕಿದೆ. ಒಂಬತ್ತಕ್ಕೆ ಮೊದಲ ಮೊಳಕೆ ಎದ್ದಿತು. ಹನ್ನೆರಡರ ಹೊತ್ತಿಗೆ ತೊಂಬತ್ತಮೂರು. ಆ ಮೂರು ದಿನ ಹಗಲೆಲ್ಲ ನಾನು ಎಲ್ಲೂ ತಿರುಗಲು ಹೋಗಲಿಲ್ಲ. ನೆಲಕ್ಕೆ ಕೆನ್ನೆ ಇಟ್ಟು ಮಲಗಿ ನೋಡುತ್ತಿದ್ದೆ. ಅಷ್ಟು ಕೆಳಗಿನಿಂದ ನೋಡಿದರೆ ಅದು ಟ್ರೇಯಂತೆ ಕಾಣುವುದಿಲ್ಲ. ಕಣಕುಂಬಿಯ ಕಡೆ ಮಂಜಿನಲ್ಲಿ ಕಾಡು ಕಾಣುತ್ತದಲ್ಲ, ಹಾಗೆ. ಅದರೊಳಗೆ ಯಾರೋ ನಿಧಾನವಾಗಿ ನಡೆದು ಹೋಗುತ್ತಿದ್ದಾರೆ ಅನ್ನಿಸುತ್ತದೆ. ಒಮ್ಮೆ ಹಾಗೇ ನಿದ್ದೆ ಹೋದೆ. ಕನಸಿನಲ್ಲಿ ನಡೆಯುತ್ತಿದ್ದವನು ನಾನೇ ಆಗಿದ್ದೆ, ತಲೆಯ ಮೇಲೆ ಎರಡೆರಡು ಎಲೆಯ ಮರಗಳು.

ನೀವು ಅಗಿ ಅನ್ನುವ ಈ ಸಸಿಗಳು ಈಗ ಸರಿಯಿಲ್ಲ. ಒಂದು ಬೆರಳುದ್ದ ಬೆಳೆದಿವೆ, ಆದರೆ ದಾರದಷ್ಟು ತೆಳ್ಳಗೆ. ಬಣ್ಣ ಹಸಿರಲ್ಲ, ಹಸಿರಿನ ನೆನಪಿನಂತೆ. ಎಲ್ಲವೂ ಕಿಟಕಿಯ ಕಡೆ ವಾಲಿ ನಿಂತಿವೆ, ಬಸ್ಸು ಬರುವ ಕಡೆಗೆ ಜನ ನೋಡುತ್ತ ನಿಲ್ಲುವ ಹಾಗೆ. ಮಣ್ಣಿನ ಮೇಲೆ ಪಾಚಿ. ಸಣ್ಣ ಕರಿ ನೊಣಗಳು.

ಇಟ್ಟಿರುವ ರೀತಿ ಹೇಳುತ್ತೇನೆ. ಟ್ರೇ ಇರುವುದು ಆಯಿಯ ಖೋಲಿಯಲ್ಲಿ. ಆಯಿ ಅಂದರೆ ಅಪ್ಪನ ತಾಯಿ, ಚಂದ್ರವ್ವ. ಮನೆಯಲ್ಲಿ ದೊಡ್ಡ ಕಿಟಕಿ ಇರುವುದು ಅಲ್ಲಿ ಮಾತ್ರ. ಇಲ್ಲಿ ಮೋಡ ಹದಿನೈದು ದಿನದಿಂದ ಕದಲಿಲ್ಲ. ಅದಕ್ಕೆ ಟ್ರೇಯ ಮೇಲೆ ಒಂದು ಮೊಳ ಎತ್ತರದಲ್ಲಿ ಟ್ಯೂಬ್‌ಲೈಟ್ ಕಟ್ಟಿದ್ದೇನೆ. ಸಂಜೆ ಐದಕ್ಕೆ ನಾನು ಹಚ್ಚುತ್ತೇನೆ, ರಾತ್ರಿ ಹತ್ತಕ್ಕೆ ಆಯಿ ಆರಿಸುತ್ತಾಳೆ. ನೀರು ದಿನಕ್ಕೆರಡು ಸಲ. ನಿಜ ಹೇಳಬೇಕೆಂದರೆ ನಡುವೆ ಎರಡು ದಿನ ಮರೆತೆ, ಮೂರನೆಯ ದಿನ ಮೂರೂ ದಿನದ್ದನ್ನು ಒಮ್ಮೆಗೇ ಹಾಕಿದೆ.

ಏನು ಮಾಡಲಿ, ಬರೆಯಿರಿ.

ಸುಯೋಗ


ಖಾನಾಪುರ
18 ಜುಲೈ 2025

ತಮ್ಮಾ ಸುಯೋಗ,

ಬರಿಯಾಕತ್ತಾಕಿ ಸಾಯಲಿ, ಹೇಳಾಕತ್ತಾಕಿ ನಾನು. ನಂದು ಮರಾಠಿ ಸಾಲಿ, ಕನ್ನಡ ಬರಿಯಾಕ ಕೈ ಓಡಂಗಿಲ್ಲ. ಬಾಯಾಗಿಂದ ಬಂದದ್ದ ಹಂಗ ಬರಿ, ಪುಸ್ತಕದ ಕನ್ನಡ ಬ್ಯಾಡ ಅಂತ ಈಕಿಗಿ ಹೇಳೇನಿ.

ಮೂರ ದಿನದ ನೀರ ಒಮ್ಮಿಗೆ ಹಾಕಿದಿ? ನಾಳಿಂದ ನೀನೂ ಮೂರ ದಿನದ ಊಟ ಒಮ್ಮಿಗೆ ಮಾಡಿ ನೋಡು, ಆಮ್ಯಾಗ ನಂಗ ಬರಿ.

ಕೇಳು. ಅಗಿ ಉದ್ದ ಆಗ್ಯಾವ ಅಂದ್ರ ಬೆಳದಾವ ಅಂತ ಅಲ್ಲ. ಹಸದಾವ. ಬೆಳಕ ಸಿಗಲಾರದಕ್ಕ ಕುತ್ತಿಗಿ ಚಾಚ್ಯಾವ. ಟೂಬ ಒಂದ ಮೊಳ ಮ್ಯಾಲ ಕಟ್ಟೀದಿ, ಅವಕ್ಕ ಅದು ಚಂದ್ರಾಮ ಇದ್ದಂಗ. ನಾಕ ಬಟ್ಟು ಮ್ಯಾಲ ಇಳಸು, ಅಷ್ಟ ಹತ್ರ. ಅಗಿ ಎತ್ತರ ಆದಂಗ ಟೂಬ ಏರಸು.

ನೀರ ಮ್ಯಾಲಿಂದ ಹಾಕಬ್ಯಾಡ. ದೊಡ್ಡ ತಾಟಿನಾಗ ನೀರ ಹಾಕು, ಟ್ರೇ ಅದರಾಗ ಅರ್ಧಾ ತಾಸ ಇಡು, ತಗಿ. ಮಣ್ಣ ಮ್ಯಾಲ ಒಣಗಿದ್ರ ನೊಣ ತಾವ ಹೋಗತಾವ. ಮತ್ತ ದಿನಾ ಎರಡ ಸಲ ಅಗಿ ಮ್ಯಾಲ ಅಂಗೈ ಆಡಸು, ಗಾಳಿ ಬೀಸಿದಂಗ, ಹಗೂರಕ. ಗಾಳಿ ಕಾಣಲಾರದ ಅಗಿಗಿ ಟೊಂಕದಾಗ ಶಕ್ತಿ ಇರಂಗಿಲ್ಲ.

ಕನಸ ಕಡಿಮಿ ಕಾಣು. ಟ್ರೇ ಬಾಜೂಕ ಮಲಗಬ್ಯಾಡ, ಹೊರಳಿದಿ ಅಂದ್ರ ಮುಗೀತು.

ಕಾಶೀಬಾಯಿ


ಅನಗೋಳ
22 ಜುಲೈ 2025

ಮಾವಶಿ,

ಹೇಳಿದ್ದನ್ನೆಲ್ಲ ಮಾಡಿದೆ. ಟ್ಯೂಬ್ ನಾಲ್ಕು ಬೆರಳು ಮೇಲಿದೆ. ನೀರು ತಾಟಿನಿಂದ. ಮುಂಜಾನೆ ಮತ್ತು ಮಧ್ಯಾಹ್ನ ಅಂಗೈ ಆಡಿಸುತ್ತೇನೆ. ಹಾಗೆ ಆಡಿಸುವಾಗ ಒಂದು ವಾಸನೆ ಏಳುತ್ತದೆ. ಇನ್ನೂ ಹುಟ್ಟದ ಹಣ್ಣಿನ ವಾಸನೆ. ಕೈ ತೊಳೆದರೂ ಹೋಗುವುದಿಲ್ಲ. ಊಟ ಮಾಡುವಾಗ ತುತ್ತಿನ ಜೊತೆ ಅದೂ ಬಾಯಿಗೆ ಬರುತ್ತದೆ, ನಾನು ಒಂದು ಕ್ಷಣ ಎಲ್ಲಿದ್ದೇನೆ ಎಂಬುದೇ ಮರೆಯುತ್ತದೆ.

ಆದರೂ ಸಾಯುತ್ತಿವೆ. ಮುಂಜಾನೆ ಹೋಗಿ ನೋಡಿದರೆ ಮಣ್ಣಿಗೆ ತಾಗುವಲ್ಲಿ ಕಾಂಡ ನೀರಾಗಿ ಸಣ್ಣಗಾಗಿರುತ್ತದೆ, ಯಾರೋ ಅಲ್ಲಿ ದಾರ ಕಟ್ಟಿ ಬಿಗಿದ ಹಾಗೆ. ಮೇಲಿನ ಎಲೆ ಇನ್ನೂ ಬದುಕಿರುತ್ತದೆ, ತಾನು ಬಿದ್ದದ್ದು ಅದಕ್ಕೆ ತಿಳಿದಿರುವುದಿಲ್ಲ. ತೊಂಬತ್ತಮೂರು ಇದ್ದದ್ದು ಇವತ್ತು ಎಪ್ಪತ್ತೊಂದು. ಇನ್ನೆರಡು ಹೋದರೆ ನಾನು ಎಪ್ಪತ್ತರ ಕೆಳಗೆ. ಉಳಿದವೂ ಬಿಳಚಿಕೊಂಡೇ ಇವೆ, ವಾಲಿಕೊಂಡೇ ಇವೆ.

ಬೆಳಕು ಐದು ತಾಸು ಉರಿಯುತ್ತದೆ. ಐದಕ್ಕೆ ಹಚ್ಚಿ ನಾನು ಸೈಕಲ್ ತಗೊಂಡು ರೈಲ್ವೆ ಗೇಟಿಗೆ ಹೋಗುತ್ತೇನೆ. ಇದನ್ನು ಬರೆಯದಿದ್ದರೂ ನಡೆಯುತ್ತಿತ್ತು, ಆದರೆ ಬರೆಯುತ್ತೇನೆ. ಖಾನಾಪುರದ ಕಡೆಯ ಗಾಡಿ ಹೋಗುವವರೆಗೆ ನಿಲ್ಲುತ್ತೇನೆ. ಮಳೆಯಲ್ಲಿ ಅದರ ಕಿಟಕಿಗಳು ಹಳದಿಯಾಗಿ ಸಾಲಾಗಿ ಹೋಗುತ್ತವೆ, ಗುಣಿ ಗುಣಿಗೂ ಒಂದೊಂದು ತಲೆ. ಅಲ್ಲಿಂದ ಎಲ್ಲೆಲ್ಲೋ ತಿರುಗಿ ಎಂಟೂವರೆಗೆ ಮನೆಗೆ ಬರುತ್ತೇನೆ. ಅಷ್ಟೊತ್ತಿಗೆ ಆಯಿಯ ಬಾಗಿಲು ಮುಚ್ಚಿರುತ್ತದೆ.

ಕಾಂಡ ಕೊಳೆಯುವುದಕ್ಕೆ ಏನಾದರೂ ಔಷಧಿ ಇದೆಯೇ?

ಸುಯೋಗ


ಖಾನಾಪುರ
25 ಜುಲೈ 2025

ಸುಯೋಗ,

ಕುತ್ತಿಗಿ ಕೊಳತದ್ದು ನೀ ಮದಲ ಹಾಕಿದ ನೀರಿನ ಪಾಪ. ಬಿದ್ದದ್ದನ್ನ ಮಣ್ಣ ಸಮೇತ ಕಿತ್ತ ಒಗಿ, ಬಾಜೂದ್ದಕ್ಕ ಹತ್ತತೈತಿ. ಔಷಧ ಹೊಡದ್ರೂ ಸತ್ತದ್ದು ಏಳಂಗಿಲ್ಲ.

ಆದ್ರ ಬಿಳಚೂದು ಬ್ಯಾರೆ. ನಾಕ ಬಟ್ಟು ಮ್ಯಾಲ ಐದ ತಾಸ ಟೂಬ ಉರದ್ರ ಅಗಿ ಹಿಂಗ ಬಿಳಚಂಗಿಲ್ಲ. ನಂಗ ಗೊತ್ತೈತಿ. ಹ್ಯಾಂಗ ಗೊತ್ತು ಅಂತ ಕೇಳಬ್ಯಾಡ, ಗೊತ್ತೈತಿ. ಅಗಿ ಸುಳ್ಳ ಹೇಳಂಗಿಲ್ಲ ತಮ್ಮಾ. ಹಂಗಾರ ಸುಳ್ಳ ಯಾರ ಹೇಳಾಕತ್ತೀರಿ?

ನೀ ಗೇಟಿನ್ಯಾಗ ರೇಲ್ವೆ ನೋಡಕೋತ ನಿಂತಿರತಿ, ಮನ್ಯಾಗ ದೀಪ ಹಚ್ಚಾಂವ ಯಾರೂ ಇಲ್ಲ. ಮ್ಯಾಲ ಐದ ತಾಸ ಅಂತ ನಂಗ ಬರೀತಿ. ಮೇ ತಿಂಗಳಾಗ ಇಲ್ಲಿ ಬಂದು ಇಪ್ಪತ್ತ ದಿನ ಟ್ರೇ ತುಂಬಿದಿ, ಒಂದ ಟ್ರೇ ಒಡದ್ರೂ ನೀನ ಬಂದು "ಒಡದೇನಿ ಮಾವಶಿ" ಅಂತ ಹೇಳತಿದ್ದಿ. ಅದಕ್ಕ ನಿನ್ನ ಮ್ಯಾಲ ಮನಸಿತ್ತು. ಈಗ ಇಲ್ಲ.

ಕಾಶೀಬಾಯಿ

(ಇನ್ನೂ ಎರಡ ಸಾಲ ಹೇಳಿದ್ಲು. ನಾ ಬರೀಲಿಲ್ಲ. — ಸಾಯಲಿ)


ಅನಗೋಳ
28 ಜುಲೈ 2025

ಕಾಶೀಬಾಯಿಯವರಿಗೆ,

ನಾನು ಸುಳ್ಳು ಹೇಳಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದೆ, ಅದು ತಪ್ಪು.

ನಿಮ್ಮ ಕಾಗದ ಶನಿವಾರ ಬಂತು. ಓದಿ ಎಷ್ಟು ಸಿಟ್ಟು ಬಂತೆಂದರೆ ಗೇಟಿನಿಂದ ಮುಂದೆ ತಿರುಗಲು ಹೋಗದೆ ಏಳರ ಹೊತ್ತಿಗೇ ಸೈಕಲ್ ಮನೆಯ ಕಡೆ ತಿರುಗಿಸಿದೆ. ದೀಪ ಉರಿಯುತ್ತಿರುವುದನ್ನು ನೋಡಿ, ಗಡಿಯಾರ ನೋಡಿ, ನಿಮಗೆ ಬರೆಯಬೇಕು ಎಂದು. ಸೂರ್ಯ ಆಗ ತಾನೇ ಮುಳುಗಿದ್ದ. ಆಯಿಯ ಬಾಗಿಲು ಮುಚ್ಚಿತ್ತು. ತೆರೆದರೆ ದೀಪ ಇಲ್ಲ.

ಕಿಟಕಿಯಲ್ಲಿ ಇನ್ನೂ ಒಂದು ಬೂದಿ ಬಣ್ಣದ ಬೆಳಕು ಉಳಿದಿತ್ತು. ಆ ಬೆಳಕಿನಲ್ಲಿ ಆಯಿ ಟ್ರೇಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಜಪದ ಮಣಿ. ಸಸಿ ಯಾವುದು, ಆಯಿ ಯಾವುದು ಎಂದು ಒಂದು ಗಳಿಗೆ ತಿಳಿಯಲಿಲ್ಲ. ಎಲ್ಲವೂ ಕಿಟಕಿಯ ಕಡೆ ವಾಲಿದ್ದವು.

"ದೀಪ ಯಾಕ ಆರಿಸಿದಿ ಆಯಿ?"

"ಚಾತುರ್ಮಾಸ ಅಲ್ಲೇನೋ ಬಾಳಾ. ಹೊತ್ತ ಮುಳಗಿದ ಮ್ಯಾಲ ನನ್ನ ಖೋಲ್ಯಾಗ ನಾಕ ತಿಂಗಳ ದೀಪ ಇಲ್ಲ ಅಂತ ಬಸದ್ಯಾಗ ನೇಮ ತಗೊಂಡೇನಿ. ಮಳಿಗಾಲದಾಗ ದೀಪಕ್ಕ ಎಷ್ಟ ಹುಳ ಬರತಾವ ಅಂತಿ. ಮದಲನೇ ದಿನ ನಿನ್ನ ಟೂಬಿನ ಕೆಳಗ ಮುಂಜಾನಿ ಕಸಬರಗಿ ಹಚ್ಚಿದ್ರ ಮೊರದ ತುಂಬ ಸತ್ತ ಹುಳ. ಅವತ್ತಿಂದ ಹೊತ್ತ ಮುಳಗಿದ ಕೂಡ್ಲೆ ಆರಸಾಕತ್ನಿ."

"ಮತ್ತ ಅಗಿ ಸಾಯಾಕತ್ತಾವಲ್ಲ? ಅದಕ್ಕ ಜೀವ ಇಲ್ಲೇನು?"

"ಐತಿ."

"ಮತ್ತ?"

"ಮತ್ತ ಏನ ಮಾಡ್ಲಿ? ದೀಪ ಆರಸಿ ನಾನ ಬಾಜೂಕ ಕುಂದರತೇನಿ. ಕತ್ತಲಾಗ ಅವಕ್ಕ ಯಾರರೆ ಬೇಕಲ್ಲ."

ನಾವು ಜೈನರು. ಆಯಿಯ ನೇಮ ಆಯಿಯದ್ದು, ಮನೆಯಲ್ಲಿ ಬೇರೆ ಯಾರಿಗೂ ಅದನ್ನು ಹೇರಿಲ್ಲ. ಉಳಿದ ಖೋಲಿಗಳಲ್ಲಿ ದೀಪ ಉರಿಯುತ್ತದೆ. ಜುಲೈ ಹತ್ತರಿಂದ, ಅಂದರೆ ಮೊಳಕೆ ಎದ್ದ ಮರುದಿನದಿಂದ, ಪ್ರತಿ ಸಂಜೆ ಹೀಗೇ ನಡೆದಿದೆ. ನಾನು ಐದು ತಾಸು ಎಂದು ಬರೆದದ್ದು ನಿಜಕ್ಕೆ ಎರಡೇ ತಾಸು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರ ನೀ ಟ್ರೇ ಒಯ್ದಬಿಡತಿದ್ದಿ" ಎಂದಳು. ಸೊಳ್ಳೆಪರದೆ ಕಟ್ಟಲೇ ಎಂದೆ. "ಪರದೀಗಿ ಬಡಕೊಂಡ ಸಾಯತಾವ." ಆಮೇಲೆ ತಾನೇ, "ಒಯ್ಯಿ, ನಿನ್ನ ಭವಿಷ್ಯದ ಮಾತೈತಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಒಯ್ಯಲು ಆಗಲಿಲ್ಲ. ಒಯ್ದರೆ ಇಡುವುದಾದರೂ ಎಲ್ಲಿ? ನಡುಮನೆಯಲ್ಲಿ ಅಪ್ಪನ ಗಣಿತದ ಟ್ಯೂಷನ್, ಮೂವತ್ತು ಹುಡುಗರ ಕಾಲು.

ಇನ್ನೊಂದು ವಿಷಯ. ಕಾಕಾನ ಮಗ ವಿಪುಲ ನಿನ್ನೆ ಬಂದಿದ್ದ. ಟ್ರೇ ನೋಡಿ ನಕ್ಕ. "ಹುಚ್ಚ ಅದಿಯೇನೋ? ಮಾರ್ಕೆಟ್ಟಿನ್ಯಾಗ ಟ್ರೇಗಟ್ಟಲೆ ಸಿಗತಾವ. ಹದಿನಾಲ್ಕಕ್ಕ ತಂದಿಡು, ಹದಿನೈದಕ್ಕ ತೋರಸು. ಟಮಾಟಿ ಹಣಿ ಮ್ಯಾಲ ಹೆತ್ತವರ ಹೆಸರ ಬರದಿರತೈತೇನು?"

ಆ ಮಾತನ್ನು ನಾನು ಇಡೀ ಮಧ್ಯಾಹ್ನ ಇಷ್ಟಪಟ್ಟೆ. ತರುವ ಅಂಗಡಿಯನ್ನೂ ಮನಸ್ಸಿನಲ್ಲಿ ಗೊತ್ತುಮಾಡಿದೆ. ಸಂಜೆಗೆ ಅದು ಬೇಡವೆನಿಸಿತು. ಇಂಥ ಕಾರಣಕ್ಕೆ ಎಂದು ಹೇಳಲಾರೆ. ತರುವುದಿಲ್ಲ, ಅಷ್ಟೇ.

ಇವತ್ತಿಗೆ ನಿಂತಿರುವುದು ನಲವತ್ತೇಳು. ದೀಪ ಹಚ್ಚಿದರೆ ಆಯಿಯ ನೇಮ ಕೆಡುತ್ತದೆ, ಹಚ್ಚದಿದ್ದರೆ ಸಸಿ ಕೆಡುತ್ತವೆ. ಇದಕ್ಕೆ ನಿಮ್ಮ ಬಳಿ ಉಪಾಯ ಇದ್ದರೆ ಹೇಳಿ. ಇಲ್ಲದಿದ್ದರೆ ಬೇಡ.

ಸುಯೋಗ


ಖಾನಾಪುರ
31 ಜುಲೈ 2025

ತಮ್ಮಾ,

ಸಾಯಲಿ ಎರಡ ಸಲ ಓದಿದ್ಲು. ಎರಡನೇ ಸಲ ಆಕಿನ ಅಳಾಕತ್ತಿದ್ಲು, ನಂಗ ಅರ್ಧಾ ಕೇಳಸಲಿಲ್ಲ.

ನಿನಗ ಸುಳ್ಳಾ ಅಂದದ್ದು ನನ್ನ ತಪ್ಪ. ನಲವತ್ತ ವರ್ಷ ಅಗಿ ಮಾಡೇನಿ ಅಂತ ಸೊಕ್ಕ ನಂಗ.

ಆದ್ರ ನೀವೂ ಎಂಥಾ ಮಂದಿ! ದೀಪ ಅಂದ್ರ ಸಂಜೀಕ ಹಚ್ಚೂದು ಅಂತ ಯಾರ ಹೇಳ್ಯಾರ? ಹಗಲಿನ್ಯಾಗ ಹಚ್ಚೋ ಹುಚ್ಚಪ್ಪಾ! ಹೊತ್ತ ಹುಟ್ಟಿದ ಕೂಡ್ಲೆ ಹಚ್ಚು, ಹೊತ್ತ ಮುಳಗೂ ಮದಲ ಆರಸು. ಹನ್ನೆರಡ ಹದಿಮೂರ ತಾಸ ಆತು. ಅಗಿಗಿ ಅದು ಹಗಲಿನ ಬೆಳಕೋ ಟೂಬಿನ ಬೆಳಕೋ ಗೊತ್ತಾಗಂಗಿಲ್ಲ, ಹೊಟ್ಟಿ ತುಂಬಿದ್ರ ಆತು. ಹಗಲ ದೀಪಕ್ಕ ಹುಳ ಬರಂಗಿಲ್ಲ. ನಿಮ್ಮ ಆಯೀನ ಕೇಳು, ನೇಮಕ್ಕ ಅಡ್ಡಿ ಆಗತೈತೇನ ಅಂತ.

ಇದು ನಾ ಮದಲನೇ ಕಾಗದದಾಗ ಹೇಳಬೇಕಾಗಿತ್ತು. ಹೇಳಲಿಲ್ಲ. ಯಾಕ ಹೇಳಲಿಲ್ಲ ಅನ್ನೂದು ಇನ್ನೊಂದ ಮಾತ ಐತಿ. ಇವತ್ತ ಬ್ಯಾಡ.

ಕಾಶೀಬಾಯಿ


ಅನಗೋಳ
6 ಆಗಸ್ಟ್ 2025

ಮಾವಶಿ,

ಆಯಿ ಒಪ್ಪಿದಳು. "ಹೊತ್ತ ಇರೂತನ ಹಚ್ಚು, ನಂದೇನೂ ಇಲ್ಲ" ಎಂದಳು. ಈಗ ಆರಿಸುವ ಕೆಲಸವೂ ಅವಳದ್ದೇ. ಕಿಟಕಿಯಲ್ಲಿ ನಿಂತು, ಕಾಣದ ಸೂರ್ಯನನ್ನು ಮೋಡದಲ್ಲಿ ಹುಡುಕಿ, ಸರಿಯಾದ ಹೊತ್ತಿಗೆ ಗುಂಡಿ ಒತ್ತುತ್ತಾಳೆ. ನಾನು ಗೇಟಿಗೆ ಹೋಗುವುದನ್ನು ಬಿಟ್ಟಿಲ್ಲ. ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು.

ಹಗಲಲ್ಲಿ ದೀಪ ಉರಿಯುವ ಖೋಲಿ ವಿಚಿತ್ರವಾಗಿರುತ್ತದೆ. ಹೊರಗೆ ಮಳೆ, ಒಳಗೆ ಎರಡು ಬೆಳಕು. ಆಯಿಗೆ ಎರಡು ನೆರಳು ಬಿದ್ದಿರುತ್ತವೆ, ಒಂದು ಗೋಡೆಯ ಮೇಲೆ ಕೂತು ಜಪ ಮಾಡುತ್ತದೆ, ಇನ್ನೊಂದು ನೆಲದ ಮೇಲೆ ಮಲಗಿರುತ್ತದೆ. ಹೊತ್ತು ಎಷ್ಟಾಯಿತು ಎಂದು ತಿಳಿಯುವುದಿಲ್ಲ. ಮುಂಜಾನೆಯೊಂದು ಎದ್ದು ಬಂದು ಖೋಲಿಯಲ್ಲಿ ಕೂತು, ಹೋಗುವುದನ್ನು ಮರೆತಂತೆ. ನಾನು ಅಲ್ಲಿ ಸುಮ್ಮನೆ ಎರಡೆರಡು ತಾಸು ಕೂರುತ್ತೇನೆ. ಕಾಲೇಜಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷಕ್ಕೆ ನನ್ನ ಕಾಲು ಕುಣಿಯಲು ಶುರುವಾಗುತ್ತಿತ್ತು. ಇಲ್ಲಿ ಕುಣಿಯುವುದಿಲ್ಲ. ಇದನ್ನು ನಾನೇ ನಿನ್ನೆ ಗಮನಿಸಿದೆ.

ಅಪ್ಪ ಬಂದು, "ಹಾಡ ಹಗಲ ಲೈಟ ಹಚ್ಚೀರಲ್ಲ, ಮಂದಿ ನಗತಾರ" ಎಂದರು. ಆಯಿ ಮಣಿ ಎಣಿಸುತ್ತಲೇ, "ನಗಲಿ ಭೀಮಗೊಂಡ. ಚಾತುರ್ಮಾಸದಾಗ ನಗಬಾರದು ಅಂತ ನೇಮ ಇಲ್ಲ" ಎಂದಳು.

ಸಸಿಗಳು ಬದಲಾಗಿವೆ. ನಾಲ್ಕನೆಯ ದಿನಕ್ಕೆ ವಾಲುವುದು ನಿಂತಿತು. ಈಗ ಮೊದಲಿನ ಎರಡು ಉದ್ದೆಲೆಗಳ ನಡುವೆ ಹಲ್ಲು ಹಲ್ಲಿನ ನಿಜವಾದ ಟೊಮೆಟೊ ಎಲೆ ಬಂದಿದೆ. ಕಾಂಡ ದಪ್ಪಗಾಗಿ ಬುಡದಲ್ಲಿ ನೇರಳೆ ಬಣ್ಣ, ಮೇಲೆ ಸಣ್ಣ ಬಿಳಿ ಕೂದಲು. ಹೊಸದಾಗಿ ಒಂದೂ ಕೊಳೆತಿಲ್ಲ.

ಆದರೆ ಅಷ್ಟರೊಳಗೆ ಇನ್ನಾರು ಹೋಗಿದ್ದವು. ನಿಂತಿರುವುದು ನಲವತ್ತೊಂದು. ಇನ್ನು ಒಂಬತ್ತು ದಿನದಲ್ಲಿ ಈ ಸಂಖ್ಯೆ ಹೆಚ್ಚುವಂಥದ್ದಲ್ಲ. ಹಾಗಾಗಿ ಈಗಲೇ ಬರೆಯುತ್ತೇನೆ: ನಾನು ಸೋತಿದ್ದೇನೆ. ಕಾಲೇಜಿಗೆ ಹೋಗುತ್ತೇನೆ ಎಂದು ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಲು ಬಾಯಿ ತೆರೆದರೆ ಟೊಮೆಟೊ ವಾಸನೆ ಬರುತ್ತದೆ.

ಒಂದು ಕೇಳಲೇ? ಎಪ್ಪತ್ತು ಎಂದು ಯಾಕೆ ಇಟ್ಟಿರಿ?

ಸುಯೋಗ


ಖಾನಾಪುರ
9 ಆಗಸ್ಟ್ 2025

ಸುಯೋಗ,

ಸಾಯಲಿಗಿ ಹೇಳೇನಿ, ಇವತ್ತಿನ ಕಾಗದದಾಗ ಒಂದ ಸಾಲೂ ಬಿಡಬ್ಯಾಡ ಅಂತ.

ಜೂನ್ ತಿಂಗಳಾಗ ನಿಮ್ಮಪ್ಪ ಒಬ್ಬರ ಬಂದಿದ್ರು, ನಿನಗ ಹೇಳದ. ಛತ್ರಿ ಮಡಚಿ ನರ್ಸರಿ ನೆರಳ ಮನಿ ಬಾಗಲದಾಗ ನಿಂತು, "ಬಾಯಾರ, ನಮ್ಮ ಹುಡಗ ನಿಮ್ಮ ಮಾತ ಕೇಳತಾನ. ಅಂವಗ ಆಗಲಾರದಂಥಾ ಕೆಲಸ ಒಂದ ಹೇಳ್ರಿ. ಸೋತ್ರ ತಾನ ಕಾಲೇಜಿಗಿ ಹೋಗತಾನ" ಅಂದ್ರು. ಕಣ್ಣಾಗ ನೀರ ಇತ್ತು ಅವರದು. ನಂಗೂ ಅನಸ್ತು, ಕಲಿಯೂ ಹುಡಗ, ಮಣ್ಣಾಗ ಯಾಕ ಕೈ ಹಾಕಬೇಕು, ಎಂಟ ದಿನದಾಗ ಬ್ಯಾಸರ ಆಗಿ ಓಡಿ ಹೋಗತಾನ.

ಅದಕ್ಕ ಮನಿಯೊಳಗ ಅಂದ್ನಿ. ಈ ಕಡೆ ಜುಲೈದಾಗ ಮನಿಯೊಳಗ ಟಮಾಟಿ ಅಗಿ ಏಳಂಗಿಲ್ಲ, ಬೆಳಕ ಇರಂಗಿಲ್ಲ, ಕುತ್ತಿಗಿ ಕೊಳೀತಾವ. ಅಗಿ ಮಾಡೂ ಯಾರಿಗರೆ ಕೇಳು, ಹೇಳತಾರ. ನೀ ಕೇಳಲಿಲ್ಲ, ನನ್ನ ನಂಬಿದಿ. ಎಪ್ಪತ್ತ ಅಂದದ್ದು ನಿಮ್ಮಪ್ಪ ಅಲ್ಲ, ನಾನ. ಅವರು ಐವತ್ತ ಸಾಕು ಅಂದಿದ್ರು.

ನೀ ಬೀಜ ಒಯ್ದ ಮ್ಯಾಲ ನಾ ಮಾಡಿದ್ದು ನಂಗ ಸರಿ ಅನಸಲಿಲ್ಲ. ನಾನೂ ಒಂದ ಟ್ರೇ ಹಾಕಿ ನಮ್ಮ ಅಡಗಿ ಮನಿ ಕಿಡಕಿ ಹತ್ರ ಇಟ್ನಿ. ಟೂಬ ಕಟ್ಟಿದ್ನಿ, ಸಂಜೀಕ ಐದ ತಾಸ. ನಿನ್ನ ಅಗಿ ಬಿಳಚಿದ್ವು, ನನ್ನವು ಬಿಳಚಿರಲಿಲ್ಲ, ಅದಕ್ಕ ನಿನಗ ಸುಳ್ಳಾ ಅಂದ್ನಿ. ಆದ್ರ ಕುತ್ತಿಗಿ ಕೊಳೀಲಾರದಂಗ ತಡ್ಯಾಕ ನಂಗೂ ಆಗಲಿಲ್ಲ. ನಿನ್ನೆ ಎಣಸೇನಿ.

ನನಗ ನಿಂತಾವ ಇಪ್ಪತ್ತಮೂರು. ನಿನಗ ನಲವತ್ತೊಂದು.

ಪಂದ್ಯ ನಾ ಮದಲ ಮುರದೇನಿ. ನೀ ಸೋತಿಲ್ಲ. ಕೆಲಸಕ್ಕ ಬರೂದಿದ್ರ ಬಾ. ಬರಲಿಲ್ಲಂದ್ರೂ ನಂಗ ಅನ್ನೂ ಅಧಿಕಾರ ಇಲ್ಲ. ನಿಮ್ಮಪ್ಪಗ ನಾನ ಹೇಳತೇನಿ ಅಂದ್ರ ಹೇಳತೇನಿ.

ಕಾಶೀಬಾಯಿ


ಅನಗೋಳ
17 ಆಗಸ್ಟ್ 2025

ಮಾವಶಿ,

ಕಾಗದ ಹನ್ನೆರಡಕ್ಕೇ ತಲುಪಿತ್ತು. ಐದು ದಿನ ಬರೆಯಲಿಲ್ಲ. ಮೊದಲ ಎರಡು ದಿನ ನಿಮ್ಮ ಮೇಲೆ ಸಿಟ್ಟು, ಆಮೇಲೆ ಅಪ್ಪನ ಮೇಲೆ. ಒಂದು ಮಧ್ಯಾಹ್ನ ಸೈಕಲ್ ತುಳಿಯುತ್ತ ದೇಸೂರಿನ ಆಚೆಯವರೆಗೂ ಬಂದಿದ್ದೆ. ಮಂಜು ಎಷ್ಟಿತ್ತೆಂದರೆ ರಸ್ತೆ ಹತ್ತು ಮಾರು ಮುಂದೆ ಹುಟ್ಟುತ್ತಿತ್ತು, ಹತ್ತು ಮಾರು ಹಿಂದೆ ಸಾಯುತ್ತಿತ್ತು. ಹೀಗೇ ತುಳಿದರೆ ಖಾನಾಪುರ, ನಿಮ್ಮ ಎದುರಿಗೆ ನಿಂತು ಜಗಳ ಮಾಡಬಹುದು ಅಂದುಕೊಂಡೆ. ಆದರೆ ಗಡುವಿನ ದಿನ ಬರುವ ಮೊದಲೇ ಬಂದರೆ ಓಡಿಬಂದಂತೆ. ತಿರುಗಿ ಹೋದೆ.

ಹದಿನೈದಕ್ಕೆ ಅಪ್ಪ ಶಾಲೆಯಲ್ಲಿ ಧ್ವಜ ಹಾರಿಸಿ, ಬಿಳಿ ಅಂಗಿಯಲ್ಲೇ ಆಯಿಯ ಖೋಲಿಗೆ ಬಂದರು. ಗಣಿತದ ಮಾಸ್ತರರಲ್ಲವೇ, ಅಡ್ಡ ಸಾಲು ಹದಿನಾಲ್ಕು, ಉದ್ದ ಸಾಲು ಏಳು ಎಂದು ಬೆರಳಿಟ್ಟು ಎಣಿಸಿದರು.

"ನಲವತ್ತು."

"ನಲವತ್ತೊಂದು" ಎಂದೆ.

"ಎಣಸು."

ಎಣಿಸಿದೆ. ಮೂಲೆಯದೊಂದು ಅಡ್ಡ ಬಿದ್ದಿತ್ತು. ಮುಂಜಾನೆ ಟ್ರೇ ಎತ್ತಿ ತಾಟಿನಲ್ಲಿ ಇಡುವಾಗ ನನ್ನ ಅಂಗಿಯ ತೋಳು ತಾಗಿರಬೇಕು. ನಲವತ್ತು ಸರಿ.

ಆಮೇಲೆ ಕೇಳಿದೆ. "ಜೂನ್ ತಿಂಗಳಾಗ ಖಾನಾಪುರಕ್ಕ ಹೋಗಿದ್ರಿ? ನಂಗ ಆಗಲಾರದ ಕೆಲಸ ಕೊಡ್ರಿ ಅಂತ?"

ಅಪ್ಪ ಕನ್ನಡಕ ತೆಗೆದು ಒರೆಸಿದರು. ಇಲ್ಲ ಎನ್ನಬಹುದಿತ್ತು. "ಹೋಗಿದ್ನಿ" ಎಂದರು. "ಮೂವತ್ತ ವರ್ಷ ಮಂದಿ ಮಕ್ಕಳನ್ನ ಪಾಸ ಮಾಡಸೇನಿ. ಮನ್ಯಾಗಿನಾಂವ ಪೇಪರ್ ಬಿಟ್ಟ ಎದ್ದ ಬಂದಾನ. ಮಂದಿಗಿ ಮಾರಿ ಹ್ಯಾಂಗ ತೋರಸ್ಲಿ?"

ಆಯಿ ಮಣಿ ನಿಲ್ಲಿಸಿದಳು. "ಮಾರಿ ತೋರಸೂದು ನಿನ್ನ ಕೆಲಸ. ಅದಕ್ಕ ಹುಡಗನ ಕಾಲಾಗ ಹಗ್ಗ ಯಾಕ ಕಟ್ಟಿದಿ? ಮತ್ತ ಆ ಹಗ್ಗದ ತುದಿ ನನ್ನ ಕೈಯಾಗ ಬಂತು, ನಂಗ ಗೊತ್ತ ಇಲ್ಲದ."

ಅಪ್ಪ ತುಂಬ ಹೊತ್ತು ಟ್ರೇ ನೋಡಿದರು. ಹಗಲಿನ ಟ್ಯೂಬ್‌ಲೈಟಿನಲ್ಲಿ ಅವರ ಬಿಳಿ ಅಂಗಿ ತುಸು ಹಸಿರಾಗಿ ಕಾಣುತ್ತಿತ್ತು. ಹೊರಗೆ ಮಳೆ ನಿಂತ ಸದ್ದು ಕೇಳಿಸಿತು.

"ಹೋಗು" ಎಂದರು. "ಆದ್ರ ಪರೀಕ್ಷಾ ಹೊರಗಿಂದ ಕಟ್ಟತೇನಿ ಅಂತ ಮಾತ ಕೊಡು."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆಯಿ ಕಣ್ಣಿನಲ್ಲೇ ಹೂಂ ಅನ್ನು ಎಂದಳು. ನಾನು, "ಕಟ್ಟಬೇಕು ಅಂತ ಈಗ ಅನಸವಲ್ತು ಅಪ್ಪಾ. ಅನಸಿದ ದಿನ ನಾನ ಬಂದ ಹೇಳತೇನಿ. ಈಗ ಮಾತ ಕೊಟ್ರ ಸುಳ್ಳ ಆಗತೈತಿ" ಎಂದೆ.

ಹೊಡೆಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು, "ಮೊಂಡ" ಎಂದರು. ಬಾಗಿಲವರೆಗೆ ಹೋದವರು ತಿರುಗಿ, "ಬಸ್ಸಿಗಿ ಹೋಗು, ಸೈಕಲ್ ಮ್ಯಾಲ ಬ್ಯಾಡ. ಮಳಿಗಾಲ ಐತಿ" ಎಂದರು.

ಅವರಿಗೆ ನೀವು ಏನೂ ಹೇಳಬೇಕಾಗಿಲ್ಲ. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಸ್ವಲ್ಪ ಇದೆ. ಅದನ್ನೂ ತೆಗೆದುಕೊಂಡೇ ಬರುತ್ತೇನೆ.

ಆದರೆ ನೀವು ಬಾ ಎಂದದ್ದು ನಲವತ್ತೊಂದು ಎಂದು ತಿಳಿದು. ಅದು ನಲವತ್ತು. ಇದನ್ನು ಓದಿದ ಮೇಲೂ ಕರೆಯುವುದಾದರೆ ಬರೆಯಿರಿ.

ಸುಯೋಗ


ಖಾನಾಪುರ
20 ಆಗಸ್ಟ್ 2025

ತಮ್ಮಾ,

ನಲವತ್ತ ಅಂದ್ರ ನಲವತ್ತ. ಸಾಯಲಿ ಕಡೆಯಿಂದ ನರ್ಸರಿ ಗ್ವಾಡಿ ಮ್ಯಾಲ ಸುಣ್ಣದಾಗ ಬರಸೇನಿ: ಸುಯೋಗ ನಲವತ್ತು, ಕಾಶೀಬಾಯಿ ಇಪ್ಪತ್ತಮೂರು. ಬಂದ ಗಿರಾಕಿ ಎಲ್ಲಾರೂ ಇದೇನು ಅಂತ ಕೇಳಾಕತ್ತಾರ. ಹೇಳಾಕತ್ತೇನಿ.

ಸಿಟ್ಟ ತಗೊಂಡ ಬಾ, ಇಡಾಕ ಜಾಗಾ ಐತಿ.

ಆ ಬಿದ್ದ ಅಗಿ ಏನ ಮಾಡಿದಿ? ಒಗದಿಲ್ಲ ಹೌದಲ್ಲೊ? ಕುತ್ತಿಗಿ ಕೊಳತ ಬಿದ್ದದ್ದು ಬ್ಯಾರೆ, ತೋಳ ತಾಗಿ ಬಿದ್ದದ್ದು ಬ್ಯಾರೆ. ಕಾಂಡ ಹಸರ ಇದ್ರ ಎಬ್ಬಿಸಿ ನಿಂದರಸಾಕ ಹೋಗಬ್ಯಾಡ. ಹಂಗ ಅಡ್ಡ ಮಲಗಿಸಿ, ತುದಿ ಅಷ್ಟ ಬಿಟ್ಟು ಮ್ಯಾಲ ಮಣ್ಣ ಮುಚ್ಚು. ಟಮಾಟಿ ಬಿದ್ದಲ್ಲೆ, ಮೈ ತುಂಬ ಬೇರ ಬಿಡತೈತಿ. ಎಂಟ ದಿನದಾಗ ತಾನ ತಲಿ ಎತ್ತತೈತಿ.

ಗ್ವಾಡಿ ಮ್ಯಾಲ ಅದನ್ನ ಎಣಸಿಲ್ಲ. ಎದ್ದರ ನೋಡೂಣು.

ಸೋಮವಾರ ಮುಂಜಾನಿ ಬಾ. ಮೆಣಸಿನಕಾಯಿ ಬೀಜ ಹಾಕೂದೈತಿ, ಇನ್ನೂರ ಟ್ರೇ.

ಕಾಶೀಬಾಯಿ